ತೊನ್‌ಸಾಯ್‌ಗೆ ಹೊರಡುವ ಮುಂಚೆ

2026ರ ಜನವರಿ ಕೊನೆಯ ವಾರಕ್ಕೆ ಟಿಕೆಟ್ ಮಾಡಿದ್ದಾಯಿತು. ಬೆಂಗಳೂರಿನಿಂದ ಫುಕೆಟ್‌ಗೆ ವಿಮಾನ, ಅಲ್ಲಿಂದ ಬಸ್ಸಿನಲ್ಲಿ ಕ್ರಾಬಿ, ಆಮೇಲೆ ಆವ್ ನಾಂಗ್ ದಂಡೆಯಿಂದ ದೋಣಿಯಲ್ಲಿ ತೊನ್‌ಸಾಯ್. ಹೊರಡುವವರು ಮೂವರು: ನಾನು, ಬಾದಾಮಿಯಲ್ಲಿ ನನ್ನ ಜೊತೆ ಹತ್ತುವ ಗೆಳತಿ, ಮತ್ತು ನನ್ನ ತಮ್ಮ. ಮೊದಲು ತೊನ್‌ಸಾಯ್ ಮತ್ತು ರೈಲೇಯಲ್ಲಿ ಕ್ಲೈಂಬಿಂಗ್. ನಡುವೆ ಕೊ ಯಾವ್ ನೋಯ್ ದ್ವೀಪ. ಕೊನೆಗೆ ಇನ್ನೂ ದಕ್ಷಿಣಕ್ಕಿರುವ ತರುತಾವ್ ದ್ವೀಪದಲ್ಲಿ ಟೆಂಟು, ನಡಿಗೆ. ಎಲ್ಲವೂ ಥಾಯ್ಲೆಂಡಿನ ಅಂಡಮಾನ್ ಸಮುದ್ರದ ಕಡೆಗೇ ಇವೆ.

ಈ ಪ್ಲ್ಯಾನ್ ಕೇಳಿದವರು ಮೊದಲು ವಿಚಾರಿಸುವುದು ರೂಮಿಗೆ ಎಷ್ಟು, ಊಟ ಸಿಗುತ್ತಾ, ಬೀಚ್ ಹೇಗಿದೆ ಅಂತ. ತಮ್ಮ ಕೇಳಿದ್ದು ಬೇರೆ. "ಅಕ್ಕಾ, ಅಲ್ಲಿ ನಾನು ಯಾವ ಗ್ರೇಡ್‌ವರೆಗೆ ಹತ್ತಬಹುದು?" ಗ್ರೇಡ್ ಅಂದರೆ ಒಂದು ರೂಟು (ಬಂಡೆ ಹತ್ತುವ ದಾರಿ) ಎಷ್ಟು ಕಷ್ಟ ಅನ್ನುವ ಲೆಕ್ಕ. ಗ್ರೇಡ್ ಆಮೇಲೆ ಕೇಳು ಮಾರಾಯ, ಮೊದಲು ಆ ರೂಟಿನಲ್ಲಿರುವ ಬೋಲ್ಟ್ ಯಾವ ಲೋಹದ್ದು ಅಂತ ಕೇಳು ಎಂದೆ. ಸಮುದ್ರದ ಪಕ್ಕದ ಬಂಡೆ ಹತ್ತಲು ಹೊರಟ ಯಾರಿಗಾದರೂ ನಾನು ಮೊದಲು ಹೇಳುವ ಮಾತು ಇದೇ.

ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸ್ಪೋರ್ಟ್ ಕ್ಲೈಂಬಿಂಗ್‌ನಲ್ಲಿ ನಮ್ಮ ಜೀವ ಹಗ್ಗ ಸಿಕ್ಕಿಸಲು ಬಂಡೆಯೊಳಗೆ ಕೂರಿಸಿದ ಬೋಲ್ಟಿನ ಮೇಲೆ ನಿಂತಿರುತ್ತದೆ. ಬಾದಾಮಿಯಂಥ ಒಣ ಜಾಗದಲ್ಲಿ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಬಹಳ ವರ್ಷ ಬಾಳುತ್ತದೆ. ಬಿಸಿಲು, ಸೆಕೆ, ಉಪ್ಪು ಗಾಳಿ, ಸುಣ್ಣಕಲ್ಲು ಎಲ್ಲ ಸೇರಿದ ಕಡೆ ಕಥೆಯೇ ಬೇರೆ. ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡ್ ಬೋಲ್ಟಿನ ಮೇಲೆ ಕೂರುತ್ತದೆ. ಬೋಲ್ಟ್ ಬಿಗಿ ಮಾಡಿದಾಗ ಲೋಹದೊಳಗೆ ಒಂದು ಎಳೆತ ಉಳಿದಿರುತ್ತದೆ. ಇವೆರಡೂ ಸೇರಿದರೆ ಸ್ಟೀಲಿನೊಳಗೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಇದಕ್ಕೆ ಸ್ಟ್ರೆಸ್ ಕೊರೋಷನ್ ಕ್ರ್ಯಾಕಿಂಗ್ ಅನ್ನುತ್ತಾರೆ. ಭಯ ಹುಟ್ಟಿಸುವ ಸಂಗತಿ ಏನೆಂದರೆ, ಹೊರಗಿನಿಂದ ನೋಡಿದರೆ ಬೋಲ್ಟ್ ಹೊಳೆಯುತ್ತಲೇ ಇರಬಹುದು. ಅಂಥ ಬೋಲ್ಟುಗಳು ಹಾಕಿದ ಕೆಲವೇ ವರ್ಷಗಳಲ್ಲಿ, ಮನುಷ್ಯನ ಮೈಭಾರಕ್ಕೇ ಮುರಿದಿದ್ದಿದೆ. ಮುಂದಕ್ಕೆ ಬಾಗಿದ ಗೋಡೆಗಳಲ್ಲಂತೂ ಮಳೆ ನೀರು ಬಿದ್ದು ಉಪ್ಪು ತೊಳೆದುಹೋಗುವುದೇ ಇಲ್ಲ. ಅಲ್ಲಿ ಅದು ವರ್ಷಗಟ್ಟಲೆ ಕೂಡಿಕೊಳ್ಳುತ್ತಾ ಹೋಗುತ್ತದೆ.

ಇದಕ್ಕೆ ಸಿಕ್ಕ ಮದ್ದು ಟೈಟೇನಿಯಂ. ಟೈಟೇನಿಯಂ ಬೋಲ್ಟನ್ನು ತೂತಿನೊಳಗೆ ಗಟ್ಟಿ ಅಂಟು ಹಾಕಿ ಕೂರಿಸುತ್ತಾರೆ. ಸ್ಟೀಲಿಗಿಂತ ಬೆಲೆ ಬಹಳ ಜಾಸ್ತಿ, ಕೆಲಸ ನಿಧಾನ. ತೊನ್‌ಸಾಯ್, ರೈಲೇ ಕಡೆ ಎಷ್ಟೋ ವರ್ಷಗಳಿಂದ ಅಲ್ಲಿನ ಕ್ಲೈಂಬರ್‌ಗಳು ಮತ್ತು ಹೊರಗಿಂದ ಬಂದವರು ಸೇರಿ, ದೇಣಿಗೆ ಎತ್ತಿ, ಒಂದೊಂದೇ ರೂಟಿನ ಹಳೆಯ ಬೋಲ್ಟ್ ತೆಗೆದು ಟೈಟೇನಿಯಂ ಹಾಕುತ್ತಾ ಬಂದಿದ್ದಾರೆ. ಸೆಕೆಯಲ್ಲಿ ಹಗ್ಗಕ್ಕೆ ಜೋತುಬಿದ್ದು ಡ್ರಿಲ್ ಹಿಡಿಯುವ ಕೆಲಸ ಅದು. ನಮ್ಮ ಮೂವರ ಖರ್ಚಿನ ಲೆಕ್ಕದಲ್ಲಿ ಬೋಲ್ಟ್ ದೇಣಿಗೆ ಅಂತ ಒಂದು ಸಾಲನ್ನು ರೂಮು ಬಾಡಿಗೆಗಿಂತ ಮೇಲೆ ಬರೆದಿದ್ದೇನೆ. ನೀವು ಹೋದರೂ ದಯವಿಟ್ಟು ಕೊಡಿ.

ಟೈಟೇನಿಯಂ ಬೋಲ್ಟನ್ನು ಗುರುತಿಸುವುದು ಕಷ್ಟವಲ್ಲ. ಮಂಕಾದ ಬೂದು ಬಣ್ಣ, ನಟ್ಟು ಇರುವುದಿಲ್ಲ, ಬಂಡೆಯಿಂದ ಒಂದು ಬಳೆ ಹೊರಗೆ ಬಂದಂತೆ ಕಾಣುತ್ತದೆ. ಅಂಟು ಹಾಕಿದ ಸ್ಟೀಲ್ ಬೋಲ್ಟೂ ಹೀಗೇ ಕಾಣಬಹುದು. ಹಾಗಾಗಿ ಕಣ್ಣನ್ನಷ್ಟೇ ನಂಬದೆ, ಹೊಸ ಗೈಡ್‌ಬುಕ್ ನೋಡಿ, ಅಲ್ಲಿನ ಕ್ಲೈಂಬಿಂಗ್ ಅಂಗಡಿಯವರನ್ನು ಕೇಳಿ. ಬಂಡೆಯ ತೂತಿಗೆ ಪೋಣಿಸಿ ಕಟ್ಟಿದ ನೈಲಾನ್ ಪಟ್ಟಿಗಳೂ (ಸ್ಲಿಂಗ್) ಅಲ್ಲಿ ಸಾಕಷ್ಟು ಕಾಣಸಿಗುತ್ತವೆ. ಬಿಸಿಲಿಗೆ ನೈಲಾನ್ ಸಾಯುತ್ತದೆ. ಬಣ್ಣ ಹೋಗಿ ಗರಗರ ಅನ್ನುವ ಸ್ಲಿಂಗ್ ಸಿಕ್ಕರೆ ಅದರ ಮೇಲೆ ಭಾರ ಹಾಕಬೇಡಿ.

ನಾನು ಕುಮಟಾದವಳು. ನಮ್ಮೂರಿಂದ ಒಳಗೆ ಹೋದರೆ ಯಾಣ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಎರಡೂ ಕಪ್ಪು ಸುಣ್ಣಕಲ್ಲು. ಚಿಕ್ಕವಳಿದ್ದಾಗ ಶಿವರಾತ್ರಿ ಜಾತ್ರೆಗೆ ಹೋಗಿ ಕುತ್ತಿಗೆ ನೋಯುವವರೆಗೆ ಮೇಲೆ ನೋಡುತ್ತಿದ್ದೆ. ಯಾಣ ದೇವರ ಜಾಗ, ಅಲ್ಲಿ ಹತ್ತುವ ಮಾತೇ ಇಲ್ಲ, ಇರಲೂಬಾರದು. ಆದರೆ ಅಂಥದ್ದೇ ಕಲ್ಲು ಸಮುದ್ರದಿಂದ ನೆಟ್ಟಗೆ ಎದ್ದು ನಿಂತಿರುವುದನ್ನು ರೈಲೇಯಲ್ಲಿ ಮೊದಲ ಸಲ ನೋಡಿದಾಗ ನನಗೆ ಪರವೂರು ಅನ್ನಿಸಲೇ ಇಲ್ಲ. ಆ ಗುಂಗಿನಿಂದಲೇ ಈಗ ಮತ್ತೆ ಹೊರಟಿದ್ದೇನೆ.

ಇನ್ನು ಕಾಲ. ಇದನ್ನು ನಮ್ಮವರಿಗೆ ಅರ್ಥ ಮಾಡಿಸುವುದು ಸುಲಭ. ಕೇರಳಕ್ಕೆ ಜೂನ್ ಹೊತ್ತಿಗೆ ಬರುವ ನಮ್ಮ ಮುಂಗಾರು ಮೇ ತಿಂಗಳಲ್ಲೇ ಅಂಡಮಾನ್ ಸಮುದ್ರ ಮುಟ್ಟುತ್ತದೆ. ಕ್ರಾಬಿ, ಫುಕೆಟ್ ಕಡೆ ಮಳೆಗಾಲ ಮೇಯಿಂದ ಅಕ್ಟೋಬರ್‌ವರೆಗೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ. ಆದರೆ ಥಾಯ್ಲೆಂಡಿಗೆ ಇನ್ನೊಂದು ಮಗ್ಗುಲಿದೆ. ಕೊ ಸಮುಯಿ, ಕೊ ತಾವ್ ಇರುವ ಪೂರ್ವದ ಕೊಲ್ಲಿಯ ಕಡೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜೋರು ಮಳೆ, ನಮ್ಮ ಹಿಂಗಾರು ಚೆನ್ನೈಗೆ ಸುರಿದ ಹಾಗೆ. ಕೊ ತಾವ್‌ನಲ್ಲಿ ಗ್ರಾನೈಟ್ ಗುಂಡುಗಳಿವೆ, ಹಗ್ಗವಿಲ್ಲದೆ ಸಣ್ಣ ಬಂಡೆ ಹತ್ತುವ ಬೌಲ್ಡರಿಂಗ್‌ಗೆ ಒಳ್ಳೆಯ ಜಾಗ. ಹಂಪಿಯಲ್ಲಿ ಹತ್ತಿದವರಿಗೆ ಅದು ಇಷ್ಟವಾಗುತ್ತದೆ. ಒಂದೇ ಪ್ರವಾಸದಲ್ಲಿ ಎರಡೂ ಕಡೆ ಹೋಗಲು ನೋಡುವವರು ಈ ಮಳೆ ಲೆಕ್ಕ ಮಾಡಿಕೊಳ್ಳಬೇಕು. ನಾವು ಒಂದೇ ಮಗ್ಗುಲು ಹಿಡಿದಿದ್ದೇವೆ.

ಜನವರಿ ಕೊನೆಗೇ ಹೊರಡಲು ಇನ್ನೆರಡು ಕಾರಣ ಇವೆ. 2026ರಲ್ಲಿ ಚೀನಿಯರ ಹೊಸ ವರ್ಷ ಫೆಬ್ರವರಿ 17ಕ್ಕೆ. ಆ ವಾರ ರೂಮು, ದೋಣಿ ಎಲ್ಲ ತುಂಬಿರುತ್ತವೆ. ಅದರ ಬೆನ್ನಿಗೇ ರಂಜಾನ್ ಶುರು. ಕೊ ಯಾವ್ ನೋಯ್‌ನಲ್ಲಿ ಹೆಚ್ಚಿನವರು ಮುಸ್ಲಿಮರು. ಉಪವಾಸದ ತಿಂಗಳಲ್ಲಿ ಹಗಲು ಹೊತ್ತು ಎಷ್ಟೋ ಊಟದ ಅಂಗಡಿಗಳು ಮುಚ್ಚಿರುತ್ತವೆ. ಅವರು ಉಪವಾಸ ಇರುವಾಗ ನಾವು ಹೋಗಿ ಊಟ ಹುಡುಕುವುದು ನನಗೆ ಸರಿ ಕಾಣಲಿಲ್ಲ. ಫೆಬ್ರವರಿ ಮಧ್ಯದೊಳಗೆ ಮುಗಿಸಿ ಬರುತ್ತೇವೆ.

ಆಮೇಲೆ ಉಬ್ಬರ ಇಳಿತ. ಈ ಭಾಗವನ್ನು ನಾನು ಆಯಿಯ ಹತ್ತಿರ ಕೂತು ಮಾಡಿದೆ. ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು, "ಹುಣ್ಣಿಮೆ ಯಾವತ್ತು ನೋಡು ಮೊದಲು" ಅಂದಳು. ಫೆಬ್ರವರಿ 1 ಹುಣ್ಣಿಮೆ, 17 ಅಮಾವಾಸ್ಯೆ. ಹುಣ್ಣಿಮೆ ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ನೀರು ಅತಿ ಮೇಲೆ ಬರುತ್ತದೆ, ಅತಿ ಕೆಳಗೂ ಹೋಗುತ್ತದೆ. ನಡುವಿನ ಅಷ್ಟಮಿ ಹೊತ್ತಿಗೆ ಏರಿಳಿತ ಕಡಿಮೆ. ಕರಾವಳಿಯವರಿಗೆ ಇದು ಹೊಸದಲ್ಲ, ಆದರೆ ಕ್ರಾಬಿಯಲ್ಲಿ ಈ ಏರಿಳಿತ ನಮ್ಮ ಕಡೆಗಿಂತ ಜಾಸ್ತಿ.

ಅದರಿಂದ ಕ್ಲೈಂಬರ್‌ಗೆ ಏನು? ಬಹಳ ಇದೆ. ರೈಲೇ ದ್ವೀಪವಲ್ಲ, ಮುಖ್ಯ ನೆಲಕ್ಕೇ ಅಂಟಿಕೊಂಡಿದೆ. ಆದರೆ ಹಿಂದೆಲ್ಲ ಬಂಡೆ ಗೋಡೆ ಇರುವುದರಿಂದ ರಸ್ತೆ ಇಲ್ಲ, ದೋಣಿಯೊಂದೇ ದಾರಿ. ತೊನ್‌ಸಾಯ್‌ನಿಂದ ಪಶ್ಚಿಮ ರೈಲೇಗೆ ನೀರು ಇಳಿದಾಗ ದಂಡೆಯ ಬಂಡೆಗಳ ಮೇಲೆ ನಡೆದು ಹೋಗಬಹುದು. ನೀರು ಏರಿದಾಗ ಕಾಡಿನ ದಾರಿ ಸುತ್ತಬೇಕು. ಪೂರ್ವ ರೈಲೇಯಲ್ಲಿ ನೀರು ಇಳಿದರೆ ಬರೀ ಕೆಸರು, ಮ್ಯಾಂಗ್ರೋವ್. ತೊನ್‌ಸಾಯ್‌ನಲ್ಲೂ ಇಳಿತದ ಹೊತ್ತಿಗೆ ದೋಣಿ ದಂಡೆಯವರೆಗೆ ಬರುವುದಿಲ್ಲ. ಲಗೇಜು ಹೊತ್ತು ಮೊಣಕಾಲು ನೀರಿನಲ್ಲಿ ನಡೆಯಬೇಕು. ಅದಕ್ಕೇ ಚಕ್ರದ ಸೂಟ್‌ಕೇಸ್ ಬೇಡ ಅಂತ ತಮ್ಮನಿಗೆ ಮೊದಲೇ ಹೇಳಿಬಿಟ್ಟಿದ್ದೇನೆ. 50 ಲೀಟರಿನ ಬೆನ್ನು ಚೀಲ, ಒಳಗೆ ಒಂದು ಡ್ರೈ ಬ್ಯಾಗ್, ಅಷ್ಟೇ.

ಹಗ್ಗವಿಲ್ಲದೆ ಸಮುದ್ರದ ಮೇಲಿನ ಬಂಡೆ ಹತ್ತಿ, ಬಿದ್ದರೆ ನೀರಿಗೆ ಬೀಳುವ ಡೀಪ್ ವಾಟರ್ ಸೋಲೋಗೆ ಇದೇ ಉಬ್ಬರವೇ ಆಧಾರ. ನೀರು ತುಂಬಿದಾಗ ಮಾತ್ರ ಅದು ಮಾಡುವ ಆಟ. ಕೊ ಪೊಡಾ ಸುತ್ತಮುತ್ತ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ನಾವು ಅದನ್ನು ಹುಣ್ಣಿಮೆ ಕಳೆದ ದಿನಗಳಿಗೆ ಇಟ್ಟಿದ್ದೇವೆ. ಅಲ್ಲಿನ ನೀರು ಬಲ್ಲ ಗೈಡ್ ಇಲ್ಲದೆ ಯಾರೂ ಹೋಗಬಾರದು. ಕೆಳಗೆ ಎಲ್ಲಿ ಬಂಡೆ ಇದೆ, ಎಲ್ಲಿ ಆಳ ಇದೆ ಅಂತ ಮೇಲಿನಿಂದ ಕಾಣುವುದಿಲ್ಲ. ತಮ್ಮನಿಗೆ ಈಜು ಚೆನ್ನಾಗಿ ಬರುತ್ತದೆ, ಸಮುದ್ರದಲ್ಲೇ ಕಲಿತವನು. ಗೆಳತಿ ಬಾಗಲಕೋಟೆಯವಳು, ಈಜು ಬರುವುದಿಲ್ಲ. ಆ ದಿನ ಅವಳು ದೋಣಿಯಲ್ಲಿ ಲೈಫ್ ಜಾಕೆಟ್ ಹಾಕಿ ಕೂರುತ್ತಾಳೆ. ಇದನ್ನು ಅವಳೇ ತೀರ್ಮಾನಿಸಿದ್ದು, ನನಗೆ ಅದು ತುಂಬ ಮೆಚ್ಚುಗೆಯಾಯಿತು.

ತಯಾರಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಕಲ್ಲು ಕಲಿಸುವ ಪಾಠವೇ ಬೇರೆ. ರಾಮನಗರದ ಗ್ರಾನೈಟ್ ಕಾಲನ್ನು ನಂಬುವುದು ಕಲಿಸುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ನೆಟ್ಟಗಿನ ಗೋಡೆ, ಬೆರಳ ತುದಿಗೆ ಸಿಗುವ ಅಂಚುಗಳು. ತುರಹಳ್ಳಿಯಲ್ಲಿ ನಾಲ್ಕಾರು ಹಿಡಿತದ ಸಣ್ಣ ಜಗಳ. ತೊನ್‌ಸಾಯ್‌ನ ಸುಣ್ಣಕಲ್ಲು ಮುಂದಕ್ಕೆ ಬಾಗಿ ತಲೆ ಮೇಲೆ ಬಂದಿರುತ್ತದೆ. ಹಿಡಿತಗಳು ದೊಡ್ಡವು, ಬಳ್ಳಿಯಂತೆ ಜೋತುಬಿದ್ದ ಸುಣ್ಣದ ಕಂಬಗಳು (ಟೂಫಾ), ಕೈ ಒಳಗೆ ಹೋಗುವ ತೂತುಗಳು. ಅಲ್ಲಿ ಬೆರಳಿಗಿಂತ ಮೊದಲು ಮುಂಗೈ ಸೋಲುತ್ತದೆ. ಹಾಗಾಗಿ ಈ ತಿಂಗಳಿಂದ ಜಿಮ್‌ನಲ್ಲಿ ಕಷ್ಟದ ಬೌಲ್ಡರ್ ಬಿಟ್ಟು, ಹೀಗೇ ಮುಂದಕ್ಕೆ ಬಾಗಿದ, ಸುಲಭದ ಓವರ್‌ಹ್ಯಾಂಗ್ ರೂಟನ್ನು ಇಳಿಯದೆ ಮತ್ತೆ ಮತ್ತೆ ಹತ್ತುತ್ತಿದ್ದೇವೆ. ಟೂಫಾವನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಕೈಗೆ ಬಿಡುವು ಕೊಡುವುದನ್ನು ಕಲಿತರೆ ಅರ್ಧ ಕೆಲಸ ಆದಂತೆ.

ಮೊದಲ ದಿನ ಪೂರ್ವ ರೈಲೇಯ ಒನ್ ಟೂ ತ್ರೀ ವಾಲ್. ಸುಲಭದ ರೂಟುಗಳು ಜಾಸ್ತಿ ಇರುವ ಗೋಡೆ. ಬೆಳಗ್ಗೆ ಬಿಸಿಲು ಬೀಳುತ್ತದೆ, ಕೋರ್ಸಿಗೆ ಬಂದವರ ಗುಂಪೂ ಇರುತ್ತದೆ. ಮಧ್ಯಾಹ್ನದ ಮೇಲೆ ನೆರಳು, ನಾವು ಆಗ ಹೋಗುತ್ತೇವೆ. ತೊನ್‌ಸಾಯ್ ದಂಡೆ ಪಶ್ಚಿಮಕ್ಕಿದೆ, ಅಲ್ಲಿ ಬೆಳಗ್ಗೆ ನೆರಳು, ಮಧ್ಯಾಹ್ನ ಸುಡುತ್ತದೆ. ಹೀಗೆ ಬೆಳಗ್ಗೆ ಒಂದು ದಂಡೆ, ಮಧ್ಯಾಹ್ನ ಇನ್ನೊಂದು ದಂಡೆ ಅಂತ ನೆರಳಿನ ಹಿಂದೆ ಹೋದರೆ ಸೆಕೆಯಲ್ಲೂ ಹತ್ತಬಹುದು. 1980ರ ದಶಕದ ಕೊನೆಯಿಂದ ಇಲ್ಲಿ ಜನ ಹತ್ತುತ್ತಿದ್ದಾರೆ. ಪ್ರಸಿದ್ಧ ರೂಟುಗಳ ಹಿಡಿತಗಳು ಸವೆದು ನುಣುಪಾಗಿವೆ. ಅಂಥ ಕಡೆ ಮಧ್ಯಮ ಗ್ರೇಡಾದ 6ಎ ಅಂದರೂ ಕಾಲು ಜಾರುತ್ತದೆ. ಎಲ್ಲರೂ ಹತ್ತುವ ರೂಟೇ ಹತ್ತಬೇಕು ಅಂತಿಲ್ಲವಲ್ಲ. ಗೋಡೆಯ ಬದಿಗೆ ಸರಿದರೆ ಇನ್ನೂ ಒರಟಾಗಿರುವ ಕಲ್ಲು ಸಿಗುತ್ತದೆ.

ನಮ್ಮ ದೊಡ್ಡ ಆಸೆ ತೊನ್‌ಸಾಯ್‌ನ ಹ್ಯುಮಾನಿಟಿ... ಅಲ್ಲ, ಹ್ಯುಮಾನಾಲಿಟಿ. ಎಲ್ಲರ ಬಾಯಲ್ಲೂ ಹೆಸರು ಹೀಗೇ ತಪ್ಪುತ್ತದೆ. 6ಬಿ ಗ್ರೇಡಿನ ಹಲವು ಪಿಚ್‌ಗಳ, ಅಂದರೆ ನಡುನಡುವೆ ನಿಂತು ಹಂತ ಹಂತವಾಗಿ ಹತ್ತುವ ರೂಟು. ಒಂದು ಕಡೆ ಟೂಫಾದಿಂದ ಬಂಡೆಗೆ ಕಾಲು ಚಾಚಿ ದಾಟಬೇಕು, ಕೆಳಗೆ ಮರದ ತಲೆಗಳು, ಆಚೆ ಸಮುದ್ರ.

ಹತ್ತದ ದಿನ ಫ್ರಾ ನಾಂಗ್ ದಂಡೆ. ಅಲ್ಲಿ ಬಂಡೆಯ ಬುಡದಲ್ಲಿ ಒಂದು ಗವಿ. ಒಳಗೆ ಸಮುದ್ರದ ದೇವಿಗೆ ಮರದ ಲಿಂಗಗಳನ್ನು ಹರಕೆಯಾಗಿ ಒಪ್ಪಿಸಿರುತ್ತಾರೆ. ಕಡಲಿಗೆ ಹೋಗುವವರು ಸುಖವಾಗಿ ಬರಲಿ, ಮೀನು ಸಿಗಲಿ ಅಂತ ಹರಕೆ. ಪ್ರವಾಸಿಗರು ಅದರ ಮುಂದೆ ನಿಂತು ನಗುತ್ತಾ ಫೋಟೊ ತೆಗೆಯುವುದು ನೋಡಿದರೆ ನನಗೆ ಬೇಜಾರಾಗುತ್ತದೆ. ಯಾಣದ ಗುಡಿಯ ಮುಂದೆ ಯಾರಾದರೂ ಹಾಗೆ ಮಾಡಿದರೆ ನಮಗೆ ಹೇಗಾಗುತ್ತದೆ? ಚಪ್ಪಲಿ ಬಿಟ್ಟು, ಕೈಮುಗಿದು ಬಂದರೆ ಆಯಿತು.

ಕೊ ಯಾವ್ ನೋಯ್ ಫಾಂಗ್ ನಗಾ ಕೊಲ್ಲಿಯಲ್ಲಿ ಫುಕೆಟ್‌ಗೂ ಕ್ರಾಬಿಗೂ ನಡುವೆ ಇದೆ. ಕ್ರಾಬಿ ಕಡೆಯ ಥಾಲೇನ್ ಧಕ್ಕೆಯಿಂದ ದೋಣಿ ಹಿಡಿದರೆ ಥಾ ಖಾವ್ ಧಕ್ಕೆಗೆ ಇಳಿಸುತ್ತಾರೆ. ಹತ್ತುವ ಗೋಡೆಗಳು ದ್ವೀಪದ ಉತ್ತರಕ್ಕಿವೆ. ಕೆಲವಕ್ಕೆ ಸ್ಕೂಟರ್‌ನಲ್ಲಿ ಮಣ್ಣು ರಸ್ತೆ ದಾಟಿ ನಡೆಯಬೇಕು, ಕೆಲವಕ್ಕೆ ದೋಣಿಯೇ ಬೇಕು. ರೈಲೇಯ ಗದ್ದಲ ಇಲ್ಲ. ಗದ್ದೆ, ರಬ್ಬರ್ ತೋಟ, ತೆಂಗು, ಮಸೀದಿ. ಮಂಗಟ್ಟೆ ಹಕ್ಕಿಗಳು ಊರೊಳಗೇ ಹಾರಾಡುತ್ತವೆ. ದಾಂಡೇಲಿಯಲ್ಲಿ ಬೆಳಗಿನ ಜಾವ ಎದ್ದು ಮಂಗಟ್ಟೆ ಕಾದವರಿಗೆ ಅದೆಂಥ ಭಾಗ್ಯ ಅಂತ ಗೊತ್ತು. ಇಲ್ಲಿ ಈಜುಡುಗೆಯಲ್ಲಿ ಊರೊಳಗೆ ತಿರುಗಬಾರದು, ಭುಜ ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಸ್ಕೂಟರ್ ಓಡಿಸಲು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು, ಇಲ್ಲಿಂದಲೇ ಆರ್‌ಟಿಒದಲ್ಲಿ ಮಾಡಿಸಿಕೊಂಡು ಹೋಗಿ.

ಊಟದ ಬಗ್ಗೆ ಒಂದು ಮಾತು. ಗೆಳತಿ ಸಸ್ಯಾಹಾರಿ. ಥಾಯ್ ಅಡುಗೆಯಲ್ಲಿ ಬರೀ ತರಕಾರಿ ಅಂದರೂ ಮೀನಿನ ಸಾಸ್ ಬಿದ್ದಿರುತ್ತದೆ. "ಜೇ" ಅಂದರೆ ಮೀನು, ಮಾಂಸ, ಮೊಟ್ಟೆ ಏನೂ ಇಲ್ಲದ ಊಟ ಅಂತ ಅವರಿಗೆ ತಿಳಿಯುತ್ತದೆ. ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಬಾಳೆಹಣ್ಣಿನ ರೊಟ್ಟಿ ಬಂಡಿಗಳು ಎಲ್ಲ ಕಡೆ ಇವೆ, ಅದರಲ್ಲಿ ಮೊಟ್ಟೆ ಬೇಡ ಅಂತ ಮೊದಲೇ ಹೇಳಬೇಕು. ಚಟ್ನಿಪುಡಿ, ಅವಲಕ್ಕಿ ಹೇಗೂ ಚೀಲದಲ್ಲಿರುತ್ತದೆ.

ಕೊನೆಯ ಭಾಗ ತರುತಾವ್. ಇಲ್ಲಿ ಹಗ್ಗದ ಕೆಲಸ ಇಲ್ಲ. ಕ್ಲೈಂಬಿಂಗ್ ಸಾಮಾನನ್ನೆಲ್ಲ ಕ್ರಾಬಿಯ ಗೆಸ್ಟ್‌ಹೌಸಿನಲ್ಲಿ ಬಿಟ್ಟು, ಸತೂನ್ ಪ್ರಾಂತ್ಯದ ಪಾಕ್ ಬಾರಾ ಧಕ್ಕೆಗೆ ವ್ಯಾನಿನಲ್ಲಿ ಹೋಗಿ, ಸ್ಪೀಡ್‌ಬೋಟ್ ಹಿಡಿಯುತ್ತೇವೆ. 1974ರಿಂದ ಇದು ರಾಷ್ಟ್ರೀಯ ಉದ್ಯಾನ. ಮಳೆಗಾಲದಲ್ಲಿ ಮುಚ್ಚಿರುತ್ತದೆ. ದೊಡ್ಡ ದ್ವೀಪ, ಸುಮಾರು 150 ಚದರ ಕಿಲೋಮೀಟರ್, ಹೆಚ್ಚಿನದೆಲ್ಲ ಕಾಡು. ಹೋಟೆಲುಗಳಿಲ್ಲ. ಉದ್ಯಾನದವರ ಕೋಣೆಗಳಿವೆ, ಟೆಂಟ್ ಬಾಡಿಗೆಗೆ ಸಿಗುತ್ತದೆ. ಆವ್ ಪಾಂಟೆಯಲ್ಲಿ ಇಳಿದರೆ ಆವ್ ಮೊಲೇ 4 ಕಿ.ಮೀ., ಆವ್ ಸೊನ್ 8 ಕಿ.ಮೀ. ದ್ವೀಪದ ಪೂರ್ವಕ್ಕಿರುವ ತಲೋ ವಾವ್‌ಗೆ ಕಾಡಿನ ನಡುವಿನ ರಸ್ತೆಯಲ್ಲಿ 12 ಕಿ.ಮೀ.

ಆ ತಲೋ ವಾವ್‌ಗೆ ನಾನು ಹೋಗಲೇಬೇಕು. ಅಲ್ಲಿ ಹಿಂದೆ ಸೆರೆಮನೆ ಇತ್ತು. 1939ರಲ್ಲಿ ರಾಜಕೀಯ ಕೈದಿಗಳನ್ನೂ ಈ ದ್ವೀಪಕ್ಕೆ ತಂದರು, ಅವರನ್ನು ಇಟ್ಟಿದ್ದು ದಕ್ಷಿಣ ತುದಿಯ ತಲೋ ಉದಾಂಗ್‌ನಲ್ಲಿ. ಎರಡನೇ ಮಹಾಯುದ್ಧ ಬಂದಾಗ ಮುಖ್ಯ ನೆಲದಿಂದ ಬರುತ್ತಿದ್ದ ಅಕ್ಕಿ, ಔಷಧಿ ನಿಂತುಹೋಯಿತು. ಮಲೇರಿಯಾಕ್ಕೆ ನೂರಾರು ಕೈದಿಗಳು ಸತ್ತರು. ಹಸಿದ ಕೈದಿಗಳೂ ಕಾವಲುಗಾರರೂ ಒಂದಾಗಿ, ಮಲಾಕ್ಕಾ ಜಲಸಂಧಿಯಲ್ಲಿ ಹೋಗುವ ಹಡಗು ದೋಚತೊಡಗಿದರು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಬಂದು ಅದನ್ನು ನಿಲ್ಲಿಸಿದರು. ನಮ್ಮ ಅಂಡಮಾನಿನ ಸೆಲ್ಯುಲರ್ ಜೈಲು ಈ ಸಮುದ್ರದ ಇನ್ನೊಂದು ದಡದಲ್ಲಿದೆ. ಇಂಥ ನೀಲಿ ನೀರಿನ ನಡುವೆ ಎರಡು ದೇಶಗಳವರು ಮನುಷ್ಯರನ್ನು ಕೂಡಿಹಾಕಿದ್ದರು. ಬೀಚ್ ನೋಡಲು ಹೋದವರು ಒಂದು ಅರ್ಧ ದಿನ ಈ ಜಾಗಕ್ಕೂ ಕೊಡಬೇಕು ಅಂತ ನನ್ನ ಆಸೆ.

ಚೀಲದ ತೂಕ ನೋಡಿದೆ. 70 ಮೀಟರ್ ಹಗ್ಗ ನಾಲ್ಕೂವರೆ ಕೆಜಿ ಹತ್ತಿರ. ಬೋಲ್ಟಿಗೆ ಹಗ್ಗ ಸಿಕ್ಕಿಸುವ ಕೊಂಡಿಗಳಾದ ಕ್ವಿಕ್‌ಡ್ರಾ 14, ಒಂದೂವರೆ ಕೆಜಿ. ಹಗ್ಗ ಗೆಳತಿಯ ಚೀಲಕ್ಕೆ, ಕ್ವಿಕ್‌ಡ್ರಾ ನನಗೆ, ಹೆಲ್ಮೆಟ್‌ಗಳೂ ಔಷಧಿ ಡಬ್ಬಿಯೂ ತಮ್ಮನಿಗೆ. ಟೂಫಾ ತುಂಡುಗಳು ಮುರಿದು ಬೀಳುವ ಜಾಗ ಅದು, ಕೆಳಗೆ ನಿಂತು ಹಗ್ಗ ಹಿಡಿದು ಬಿಲೇ ಮಾಡುವವರಿಗೂ ಹೆಲ್ಮೆಟ್ ಬೇಕು. ಕೈ ಬೆವರುವುದರಿಂದ ಲಿಕ್ವಿಡ್ ಚಾಕ್ ಒಂದು ಬಾಟಲಿ. ಬಂಡೆ ಚೂಪು, ಹಾಗಾಗಿ ಬೆರಳಿಗೆ ಸುತ್ತುವ ಟೇಪ್ ಧಾರಾಳವಾಗಿ. ದಿನಾ ಸಂಜೆ ಕ್ಯಾರಬಿನರ್ ಕೊಂಡಿಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ಗೇಟುಗಳು ಉಪ್ಪಿಗೆ ಬಿಗಿಯುತ್ತವೆ. ಊಟದ ಪೊಟ್ಟಣ ಚೀಲದಲ್ಲಿ ಬಿಟ್ಟು ಹತ್ತಲು ಹೋಗಬೇಡಿ, ಕೋತಿಗಳಿವೆ, ಜಿಪ್ ತೆಗೆಯಲು ಅವಕ್ಕೆ ಬರುತ್ತದೆ.

ಕಾಗದ ಪತ್ರ ಜಾಸ್ತಿ ಇಲ್ಲ. ಭಾರತೀಯರ ವೀಸಾ ನಿಯಮವನ್ನು ಟಿಕೆಟ್ ಮಾಡುವ ದಿನವೂ ಹೊರಡುವ ವಾರವೂ ನೋಡಿಕೊಳ್ಳಿ, ಬದಲಾಗುತ್ತಿರುತ್ತದೆ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ, ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ದುಡ್ಡು ಕೊಡಬೇಕಾಗಿಲ್ಲ. ಟ್ರಾವೆಲ್ ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ರಾಕ್ ಕ್ಲೈಂಬಿಂಗ್ ಸೇರಿದೆಯೇ ಅಂತ ಪಾಲಿಸಿಯ ಒಳಗಿನ ಸಣ್ಣ ಅಕ್ಷರದಲ್ಲಿ ಓದಿ. ಸಾಹಸ ಕ್ರೀಡೆ ಬಿಟ್ಟು ಅಂತ ಬರೆದಿರುವ ಪಾಲಿಸಿಗಳೇ ಜಾಸ್ತಿ. ತೊನ್‌ಸಾಯ್‌ನಲ್ಲಿ ಕಾಲು ಮುರಿದರೆ ಮೊದಲು ದೋಣಿ, ಆಮೇಲೆ ಗಾಡಿ, ಆಮೇಲೆ ಕ್ರಾಬಿ ಊರಿನ ಆಸ್ಪತ್ರೆ.

ಹೊರಡುವ ಮುಂಚೆ ಒಂದು ಕೆಲಸ ಬಾಕಿ. ನವೆಂಬರ್‌ನಲ್ಲಿ ಮೂವರೂ ಬಾದಾಮಿಗೆ ಹೋಗುತ್ತೇವೆ. ತಮ್ಮ ಅಲ್ಲಿ ಲೀಡ್ ಮಾಡಬೇಕು, ಅಂದರೆ ಬೋಲ್ಟಿಗೆ ಹಗ್ಗ ಸಿಕ್ಕಿಸುತ್ತಾ ತಾನೇ ಮೊದಲು ಹತ್ತಬೇಕು, ಮೇಲೆ ರೂಟಿನ ಕೊನೆಯ ಬೋಲ್ಟುಗಳಾದ ಆಂಕರಿನಲ್ಲಿ ತನ್ನನ್ನು ಕಟ್ಟಿಕೊಂಡು ಹಗ್ಗ ಬಿಚ್ಚಿ ಪೋಣಿಸಿ, ಹಗ್ಗದ ತುದಿಗೆ ಗಂಟು ಹಾಕಿ, ಯಾರೂ ಹೇಳಿಕೊಡದೆ ಇಳಿಯಬೇಕು. ಗೆಳತಿ ಪಕ್ಕದ ರೂಟಿನಿಂದ ನೋಡುತ್ತಿರುತ್ತಾಳೆ. ಅವಳು ಸರಿ ಅಂದರೆ ಹ್ಯುಮಾನಾಲಿಟಿ ನಮ್ಮ ಪಟ್ಟಿಯಲ್ಲಿ ಉಳಿಯುತ್ತದೆ. ಇನ್ನೂ ಅಭ್ಯಾಸ ಬೇಕು ಅಂದರೆ ಆ ದಿನಗಳನ್ನೂ ಒನ್ ಟೂ ತ್ರೀ ವಾಲ್‌ನಲ್ಲೇ ಕಳೆಯುತ್ತೇವೆ ಅಂತ ತಮ್ಮನಿಗೆ ಹೇಳಿದ್ದೇನೆ. "ಆಯ್ತು ಅಕ್ಕಾ" ಅಂದಿದ್ದಾನೆ.